ಎಲ್ಲ ರಕ್ತವೂ ಮೂಲವ್ಯಾಧಿ ಅಲ್ಲ

ಭಾಗ 1/10
ಗೋಡೆ ಹೇಳೋ ಸುಳ್ಳು

ಶಿರಾದಿಂದ ಮಧುಗಿರಿಗೆ, ಮಧುಗಿರಿಯಿಂದ ಪಾವಗಡಕ್ಕೆ, ಇತ್ತ ಕೊರಟಗೆರೆಗೆ ಬಸ್ಸಲ್ಲಿ ಹೋಗುವಾಗ ಕಿಟಕಿಯಾಚೆ ಗೋಡೆಗಳನ್ನ ಓದಿ. ಸಿಮೆಂಟ್ ಜಾಹೀರಾತು ಇರುತ್ತೆ. ಬೋರ್‌ವೆಲ್ ಕೊರೆಯೋರ ನಂಬರ್ ಇರುತ್ತೆ. ಅದರ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಇನ್ನೊಂದು: ಮೂಲವ್ಯಾಧಿ, ಫಿಶರ್, ಭಗಂದರ. ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ.

ಮನೇಲಿ ಯಾರೂ ಬಾಯಿಬಿಟ್ಟು ಹೇಳದ ಜಾಗದ ಬಗ್ಗೆ ಮಾತಾಡೋಕೆ ಗೋಡೆಗೆ ಮಾತ್ರ ಧೈರ್ಯ ಇದೆ. ಆದ್ರೆ ಆ ಗೋಡೆಗೆ ಗೊತ್ತಿರೋದು ಒಂದೇ ಉತ್ತರ. ಹಿಂದ್ಗಡೆ ರಕ್ತ ಬಂತಾ? ಮೂಲವ್ಯಾಧಿ. ಉರಿ ಇದೆಯಾ? ಮೂಲವ್ಯಾಧಿ. ಗಂಟು ಕೈಗೆ ಸಿಕ್ತಾ? ಅದೂ ಮೂಲವ್ಯಾಧಿ.

ಬಹಳಷ್ಟು ಸಲ ಅದು ಮೂಲವ್ಯಾಧಿಯೇ, ನಾನೂ ಒಪ್ತೀನಿ. ಆದ್ರೆ ಒಂದು ಗುಂಪಿನ ಹೆಣ್ಣುಮಕ್ಕಳಿದ್ದಾರೆ. ಅವರ ವಿಷಯದಲ್ಲಿ ನೋಡದೆ ಹಾಗೆ ಹೇಳೋದು ಅಪರಾಧ. ಗರ್ಭಕೋಶದ ಬಾಯಿ ಕ್ಯಾನ್ಸರ್ ಆಗಿ ಗುಣ ಆದವರು. ಯೋನಿಯ ಕ್ಯಾನ್ಸರ್, ಯೋನಿಯ ಹೊರಭಾಗದ ಕ್ಯಾನ್ಸರ್ ಆಗಿದ್ದವರು. ಕ್ಯಾನ್ಸರ್ ಆಗೋ ಮುಂಚಿನ ಹಂತದಲ್ಲೇ ಸಿಕ್ಕಿ ಸುಟ್ಟು ಅಥವಾ ಕತ್ತರಿಸಿ ತೆಗೆಸಿಕೊಂಡವರು. ಇವರಿಗೆ ಗುದದ್ವಾರದ ಕ್ಯಾನ್ಸರ್ ಬರೋ ಅಪಾಯ ಉಳಿದ ಹೆಂಗಸರಿಗಿಂತ ಹೆಚ್ಚು.

ಈ ಮಾತನ್ನ ನಿಮಗೆ ಯಾರಾದ್ರೂ ಹೇಳಿದ್ರಾ? ನಿಮ್ಮಮ್ಮನಿಗೆ, ದೊಡ್ಡಮ್ಮನಿಗೆ, ಅತ್ತೆಗೆ? ಡಿಸ್ಚಾರ್ಜ್ ಚೀಟೀಲಿ ಬರೆದಿತ್ತಾ?

ನನ್ನ ಜಗಳ ಇಷ್ಟೇ. ಮುಂದೆ ಕ್ಯಾನ್ಸರ್ ಆಗಿದ್ದ ಹೆಣ್ಣುಮಗಳಿಗೆ ಹಿಂದೆ ರಕ್ತ ಬಂದ್ರೆ, ಬೆರಳು ಹಾಕಿ ನೋಡದೆ ಯಾರೂ ಮುಲಾಮು ಬರೆಯಬಾರದು. ಏನೂ ತೊಂದರೆ ಇಲ್ಲದಿದ್ರೂ ಫಾಲೋಅಪ್‌ಗೆ ಬಂದಾಗ ಆ ಜಾಗವನ್ನೂ ಒಮ್ಮೆ ನೋಡಬೇಕು. ಒಂದು ಗ್ಲೌಸು, ಒಂದು ಬೆರಳು, ಒಂದು ನಿಮಿಷ.

ಯಾಕೆ ಅಂತ ಮುಂದೆ ಓದಿ. ಓದಿದ ಮೇಲೆ ಸುಮ್ನಿರೋಕೆ ಆದ್ರೆ ಇರಿ.

ಭಾಗ 2/10
ಶತ್ರು ಒಬ್ಬನೇ, ಬಾಗಿಲು ಹಲವು

ಮಧುಗಿರಿ ಬೆಟ್ಟ ಹತ್ತಿದವರಿಗೆ ದಿಡ್ಡಿ ಬಾಗಿಲು ಗೊತ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅನ್ನೋ ಗಾದೆಯೂ ಗೊತ್ತು. ಈ ಕಾಯಿಲೆಯ ಕಥೆಯೂ ಅದೇ.

ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ ಎಚ್‌ಪಿವಿ ಅನ್ನೋ ವೈರಸ್. ಇದನ್ನ ಕಂಡುಹಿಡಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್‌ನಲ್ಲಿ ನೂರಾರು ಬಗೆ. ಅದರಲ್ಲಿ ಅತಿ ಕೆಟ್ಟದ್ದು 16ನೇ ನಂಬರಿನದು. ಗುದದ್ವಾರದ ಕ್ಯಾನ್ಸರ್ ಬಂದ 10 ಜನರಲ್ಲಿ ಸುಮಾರು 9 ಜನಕ್ಕೆ ಕಾರಣ ಇದೇ ಎಚ್‌ಪಿವಿ. ಅಲ್ಲೂ ಮುಖ್ಯ ಆರೋಪಿ ಅದೇ 16.

ಎರಡೂ ಜಾಗಕ್ಕೆ ಇನ್ನೊಂದು ಹೋಲಿಕೆ ಇದೆ. ಗರ್ಭಕಂಠದಲ್ಲಿ ಎರಡು ಬಗೆಯ ಒಳಚರ್ಮ ಬಂದು ಸೇರುವ ಒಂದು ಗಡಿ ಇರುತ್ತೆ. ಗುದನಾಳದಲ್ಲೂ ಅಂಥದ್ದೇ ಗಡಿ ಇದೆ. ವೈರಸ್ ನೆಲೆಯೂರೋಕೆ ಹುಡುಕೋದು ಇಂಥ ಗಡಿಯನ್ನೇ. ಅಲ್ಲಿನ ಜೀವಕೋಶಗಳು ಸದಾ ಬದಲಾಗ್ತಾ ಇರ್ತವೆ.

ಈ ಎರಡು ಜಾಗದ ಮಧ್ಯೆ ಇರೋ ದೂರ ಎಷ್ಟು? ಕೆಲವೇ ಬೆರಳಗಲ. ಒಂದೇ ಚರ್ಮ, ಒಂದೇ ತೇವ, ತೊಳೆಯೋ ಕೈ ಒಂದೇ.

ಡಾಕ್ಟರು ಮುಂದಿನ ಬಾಗಿಲಲ್ಲಿ ಶತ್ರುವನ್ನ ಹೊಡೆದು ಓಡಿಸಿದ್ರು. ಒಳ್ಳೇದೇ ಆಯ್ತು, ಜೀವ ಉಳಿದಿದ್ದೇ ಅದರಿಂದ. ಆದ್ರೆ ಕತ್ತರಿಸಿದ್ದು, ಕರೆಂಟ್ ಕೊಟ್ಟಿದ್ದು ಒಂದು ಜಾಗದ ಗಡ್ಡೆಗೆ. ವೈರಸ್ ಅದಕ್ಕೂ ಮುಂಚೆಯೇ ಅಕ್ಕಪಕ್ಕಕ್ಕೆ ಹೋಗಿ ಕೂತಿದ್ರೆ? ಗಡ್ಡೆ ತೆಗೆದ ಮಾತ್ರಕ್ಕೆ ಅದು ಖಾಲಿ ಮಾಡಿಕೊಂಡು ಹೋಗಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಕಾಯೋ ತಾಳ್ಮೆ ಅದಕ್ಕಿದೆ.

"ಗರ್ಭಕೋಶಾನೇ ತೆಗೆಸಿಬಿಟ್ಟಿದ್ದೀವಿ, ಇನ್ನೇನು ಭಯ" ಅಂತಾರೆ. ಹೆಬ್ಬಾಗಿಲು ಕಿತ್ತುಹಾಕಿದ್ದೀರಿ. ದಿಡ್ಡಿ ಬಾಗಿಲ ಹತ್ರ ಕಾವಲು ಯಾರು?

ಭಾಗ 3/10
ಹೆದರಿಸೋಕಲ್ಲ, ಲೆಕ್ಕ ನೋಡೋಣ

ಕ್ಯಾನ್ಸರ್ ಹೆಸರು ಹೇಳಿ ಜನರನ್ನ ಬೆದರಿಸೋರು ಈ ಆ್ಯಪ್ ತುಂಬ ಇದ್ದಾರೆ. ನಾನು ಅವರಲ್ಲಿ ಒಬ್ಬಳಾಗಲ್ಲ. ಅದಕ್ಕೇ ಲೆಕ್ಕ ನೇರವಾಗಿ ಹೇಳ್ತೀನಿ.

ಗುದದ್ವಾರದ ಕ್ಯಾನ್ಸರ್ ಅಪರೂಪದ ಕಾಯಿಲೆ. ಸಾಮಾನ್ಯ ಜನರಲ್ಲಿ ವರ್ಷಕ್ಕೆ 1 ಲಕ್ಷಕ್ಕೆ 1 ಅಥವಾ 2 ಜನಕ್ಕೆ ಬರುತ್ತೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನ ಒಟ್ಟು ಹಾಕಿ 2021ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಪ್ರಕಟ ಆಯ್ತು. ಅದರ ಪ್ರಕಾರ ಗರ್ಭಕಂಠದ ಕ್ಯಾನ್ಸರ್ ಆಗಿದ್ದವರಲ್ಲಿ ಇದು ವರ್ಷಕ್ಕೆ 1 ಲಕ್ಷಕ್ಕೆ ಸುಮಾರು 9. ಯೋನಿಯ ಕ್ಯಾನ್ಸರ್ ಆಗಿದ್ದವರಲ್ಲಿ ಸುಮಾರು 10. ಯೋನಿಯ ಹೊರಭಾಗದ ಕ್ಯಾನ್ಸರ್ ಆಗಿದ್ದವರಲ್ಲಿ ಸುಮಾರು 48.

ಸ್ವೀಡನ್ ದೇಶದಲ್ಲಿ ಪ್ರತಿ ಹೆಂಗಸಿನ ಆರೋಗ್ಯದ ದಾಖಲೆ ಹತ್ತಾರು ವರ್ಷ ಕಾಪಾಡಿ ಇಡ್ತಾರೆ. ಅಲ್ಲಿ 2007ರಲ್ಲಿ ಹೊರಬಂದ ಅಧ್ಯಯನವೂ ಇದನ್ನೇ ಹೇಳಿತು: ಗರ್ಭಕಂಠದಲ್ಲಿ ಕ್ಯಾನ್ಸರ್‌ಗೂ ಮುಂಚಿನ ತೀವ್ರ ಹಂತ ಕಂಡಿದ್ದವರಿಗೆ ಗುದದ ಕ್ಯಾನ್ಸರ್ ಅಪಾಯ ನಾಲ್ಕೈದು ಪಟ್ಟು.

ಅಂದ್ರೆ ಏನು? ಗರ್ಭಕಂಠದ ಕ್ಯಾನ್ಸರ್ ಗೆದ್ದ ಬಹುಪಾಲು ಹೆಂಗಸರಿಗೆ ಇದು ಬರಲ್ಲ. ಇದನ್ನ ಓದಿ ಇವತ್ತು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಆದ್ರೆ ಇನ್ನೊಂದು ಲೆಕ್ಕ ಪಕ್ಕದಲ್ಲಿಟ್ಟು ನೋಡಿ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷಕ್ಕೆ ಹೊಸದಾಗಿ ಗರ್ಭಕಂಠದ ಕ್ಯಾನ್ಸರ್ ಬಂದವರು ಸುಮಾರು 1.27 ಲಕ್ಷ. ಸತ್ತವರು ಸುಮಾರು 80 ಸಾವಿರ. ಚಿಕಿತ್ಸೆ ಪಡೆದು ಬದುಕಿ ಉಳಿದವರು ವರ್ಷವರ್ಷವೂ ಸೇರುತ್ತಾ ಹೋಗ್ತಾರೆ. ಸ್ವೀಡನ್ನಿನಲ್ಲಿ ಈ ಕಾಯಿಲೆ ಕಡಿಮೆ, ಅಪಾಯ ಇರೋ ಹೆಂಗಸರೂ ಕಡಿಮೆ, ಆದ್ರೂ ಅಲ್ಲಿ ಲೆಕ್ಕ ಇಟ್ಟರು. ನಮ್ಮಲ್ಲಿ ಅಪಾಯ ಇರೋರು ಲಕ್ಷಗಟ್ಟಲೆ, ಆದ್ರೆ ಅವರಿಗೇ ಗೊತ್ತಿಲ್ಲ.

ಅಪರೂಪದ ಕಾಯಿಲೆ ಅನ್ನೋದು ಯಾರಿಗೆ ಬಂದಿದೆಯೋ ಅವರಿಗೆ ಸಮಾಧಾನ ಆಗಲ್ಲ.

ಭಾಗ 4/10
"ಅವಳು ಅಂಥವಳಲ್ಲ" ಅನ್ನೋರಿಗೆ

ಈ ಭಾಗ ಬರೀಲೇಬೇಕು. ಯಾಕಂದ್ರೆ ನನಗೆ ಗೊತ್ತು, ಮೊದಲ ಮೂರು ಭಾಗ ಓದಿದ ಯಾರೋ ಒಬ್ಬರ ತಲೇಲಿ ಆಗಲೇ ಒಂದು ಕೊಳಕು ಪ್ರಶ್ನೆ ಹುಟ್ಟಿದೆ. ಆ ಜಾಗಕ್ಕೆ ವೈರಸ್ ಹೆಂಗೆ ಹೋಯ್ತು?

ಕೇಳಿ. ಎಚ್‌ಪಿವಿ ಚರ್ಮದಿಂದ ಚರ್ಮಕ್ಕೆ ದಾಟೋ ವೈರಸ್. ಮುಂದಿನಿಂದ ಹಿಂದಕ್ಕೆ ಹೋಗೋಕೆ ಅದಕ್ಕೆ ಗುದಸಂಭೋಗ ಬೇಕಾಗಿಲ್ಲ. ಯೋನಿಯಿಂದ ಹರಿಯೋ ತೇವ ಸಾಕು, ಒರೆಸುವ, ತೊಳೆಯುವ ಕೈ ಸಾಕು. ಅಂಥ ಸಂಬಂಧ ಒಮ್ಮೆಯೂ ಇಲ್ಲದ ಹೆಂಗಸರ ಗುದದಲ್ಲೂ ಈ ವೈರಸ್ ಪರೀಕ್ಷೆಯಲ್ಲಿ ಸಿಕ್ಕಿದೆ. ಗರ್ಭಕಂಠದಲ್ಲಿ ವೈರಸ್ ಇರೋರಿಗೆ ಅಲ್ಲೂ ಇರೋ ಸಾಧ್ಯತೆ ಹೆಚ್ಚು.

ಇನ್ನು ವೈರಸ್ ಬಂದಿದ್ದು ಎಲ್ಲಿಂದ ಅನ್ನೋ ಪ್ರಶ್ನೆ. ಲೈಂಗಿಕ ಜೀವನ ನಡೆಸೋ ಬಹುತೇಕ ಎಲ್ಲರಿಗೂ, ಗಂಡಸಾಗಲಿ ಹೆಂಗಸಾಗಲಿ, ಯಾವಾಗಲೋ ಒಮ್ಮೆ ಎಚ್‌ಪಿವಿ ಬಂದು ಹೋಗುತ್ತೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನ ಹೊರಹಾಕುತ್ತೆ. ಕೆಲವರಲ್ಲಿ ಉಳಿದುಬಿಡುತ್ತೆ. ಜೀವನಪೂರ್ತಿ ಗಂಡನನ್ನ ಬಿಟ್ಟು ಬೇರೆ ಗಂಡಸಿನ ಮುಖ ನೋಡದ ಹೆಂಗಸಿಗೂ ಬರುತ್ತೆ. ಹಾಗಾದ್ರೆ ತಂದವರು ಯಾರು ಅಂತ ಪಂಚಾಯ್ತಿ ಕೂರಿಸೋ ಮೊದಲು ಕನ್ನಡಿ ನೋಡಿಕೊಳ್ಳಿ.

ಅಮೆರಿಕದ ನಟಿ ಫಾರಾ ಫಾಸೆಟ್. 1970ರ ದಶಕದಲ್ಲಿ ಮನೆಮನೆಯ ಗೋಡೆಯಲ್ಲಿ ಅವಳ ಪೋಸ್ಟರ್ ಇತ್ತು. 2009ರಲ್ಲಿ ಸತ್ತಿದ್ದು ಗುದದ್ವಾರದ ಕ್ಯಾನ್ಸರ್‌ನಿಂದ. ಇನ್ನೊಬ್ಬ ನಟಿ ಮಾರ್ಸಿಯಾ ಕ್ರಾಸ್ ಅವರಿಗೆ 2017ರಲ್ಲಿ ಇದೇ ಕಾಯಿಲೆ ಗೊತ್ತಾಯ್ತು. ಗುಣ ಆದ್ಮೇಲೆ 2019ರಲ್ಲಿ ಟಿವಿ ಮುಂದೆ ಕೂತು ಜಾಗದ ಹೆಸರು ಹೇಳಿಯೇ ಮಾತಾಡಿದರು. ಕೆಲವು ವರ್ಷ ಮುಂಚೆ ಅವರ ಗಂಡನಿಗೆ ಗಂಟಲ ಕ್ಯಾನ್ಸರ್ ಆಗಿತ್ತು. ಎರಡಕ್ಕೂ ಒಂದೇ ಬಗೆಯ ಎಚ್‌ಪಿವಿ ಕಾರಣ ಅಂತ ಅವರೇ ಹೇಳಿಕೊಂಡರು.

ಅವರ ಗಂಡನ ಗಂಟಲಿಗೆ ಬಂದಾಗ ಯಾರೂ ಅವನ ನಡತೆ ಕೇಳಲಿಲ್ಲ ಅಲ್ವಾ? ಇಲ್ಲೂ ಕೇಳಬೇಡಿ.

ಭಾಗ 5/10
ಬೈಯೋಕೆ ಪದ ಇದೆ, ಹೇಳಿಕೊಳ್ಳೋಕೆ ಇಲ್ಲ

ನಮ್ಮ ಕಡೆ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಮುಕಳಿ ಅನ್ನೋ ಪದ ಎಷ್ಟು ಸಲ ಕಿವಿಗೆ ಬೀಳುತ್ತೆ ಎಣಿಸಿ. ಬೈಗುಳಕ್ಕೆ, ತಮಾಷೆಗೆ, ಸಿಟ್ಟಿಗೆ, ಪ್ರೀತಿಗೂ ಅದೇ ಪದ. ಯಾವ ಗಂಡಸಿಗೂ ನಾಲಿಗೆ ತಡವರಿಸಲ್ಲ.

ಈಗ ಅದೇ ಊರಿನ ಒಬ್ಬ ಹೆಂಗಸಿಗೆ ಆ ಜಾಗದಲ್ಲಿ ರಕ್ತ ಬಂದಿದೆ ಅಂದ್ಕೊಳ್ಳಿ. ಡಾಕ್ಟರ ಮುಂದೆ ಏನಂತ ಹೇಳ್ತಾಳೆ? "ಕೆಳಗಡೆ ಒಂಥರಾ ಆಗುತ್ತೆ." ಮುಂದೇನಾ ಹಿಂದೇನಾ ಅಂತ ಕೇಳಿದ್ರೆ ತಲೆ ಬಗ್ಗಿಸ್ತಾಳೆ. ಜೊತೆಗೆ ಬಂದ ಮಗ ಎದ್ದು ಆಚೆ ಹೋಗ್ತಾನೆ. ಪಾವಗಡದ ಕಡೆ ತೆಲುಗು ಮನೆಮಾತಿನವರಿಗೆ ಇನ್ನೂ ಕಷ್ಟ, ಎರಡು ಭಾಷೆಯಲ್ಲೂ ಆ ಜಾಗಕ್ಕೆ ಮರ್ಯಾದೆಯ ಪದ ಹುಡುಕಬೇಕು. ಪುಸ್ತಕದಲ್ಲಿ ಗುದದ್ವಾರ ಅಂತ ಇದೆ, ಮಲದ್ವಾರ ಅಂತ ಇದೆ. ಅದನ್ನ ಮನೆಯಲ್ಲಿ ಯಾರೂ ಆಡಲ್ಲ.

ಪದ ಸಿಗದೆ ಅವಳು ಸುಮ್ಮನಾಗ್ತಾಳೆ. ಡಾಕ್ಟರಿಗೆ ಹೊರಗೆ ಇನ್ನೂ ನಲವತ್ತು ಜನ ಕಾಯ್ತಿದ್ದಾರೆ. ಅವರೂ ಕೆದಕಲ್ಲ. ಒಂದು ಮುಲಾಮು, ಒಂದು ಮಾತ್ರೆ, "ಖಾರ ಕಮ್ಮಿ ಮಾಡಿ, ಸೊಪ್ಪು ತಿನ್ನಿ, ನೀರು ಕುಡೀರಿ." ಮುಗೀತು.

ಮೆಡಿಕಲ್ ಸ್ಟೋರಿನಲ್ಲಿ ಇನ್ನೂ ಸುಲಭ. ಮಗನೋ ಅಳಿಯನೋ ಹೋಗಿ "ಪೈಲ್ಸ್‌ಗೆ ಏನಾದ್ರೂ ಕೊಡಿ" ಅಂದ್ರೆ ಆಯ್ತು. ಕಾಯಿಲೆ ಇರೋಳು ಅಂಗಡಿಗೆ ಬರೋದೇ ಇಲ್ಲ.

ಒಮ್ಮೆ ಕ್ಯಾನ್ಸರ್ ಗೆದ್ದ ಹೆಂಗಸು ಇವಳು. ಸಾವಿನ ಹತ್ರ ಹೋಗಿ ಬಂದವಳು. ಅವಳಿಗೆ ಧೈರ್ಯ ಇಲ್ಲ ಅನ್ಬೇಡಿ. ಅವಳಿಗೆ ಮಾತು ಕೊಡದೇ ಇರೋದು ನಾವು.

ಭಾಗ 6/10
ಒಮ್ಮೆ ಕರೆಂಟ್ ಕೊಟ್ಟ ಜಾಗ

ಇದು ಈ ಸರಣಿಯ ಮುಖ್ಯ ಭಾಗ. ನಿಧಾನವಾಗಿ ಓದಿ.

ಗುದದ್ವಾರದ ಕ್ಯಾನ್ಸರ್‌ಗೆ ಒಂದು ಕಾಲದಲ್ಲಿ ಇದ್ದ ಚಿಕಿತ್ಸೆ ಒಂದೇ. ಆ ಭಾಗವನ್ನೇ ಕತ್ತರಿಸಿ ತೆಗೆದು, ಹೊಟ್ಟೆಯ ಮೇಲೆ ತೂತು ಮಾಡಿ, ಮಲ ಬೀಳೋಕೆ ಜೀವನಪೂರ್ತಿ ಒಂದು ಚೀಲ. 1974ರಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದ ಸರ್ಜನ್ ನಾರ್ಮನ್ ನೈಗ್ರೋ ಬೇರೆ ದಾರಿ ತೋರಿಸಿದರು. ವಿಕಿರಣ ಮತ್ತು ಕೀಮೋ ಒಟ್ಟಿಗೆ ಕೊಟ್ಟರೆ ಗಡ್ಡೆ ಕರಗುತ್ತೆ, ಕತ್ತರಿಸೋದೇ ಬೇಕಾಗಲ್ಲ ಅಂತ. ಇವತ್ತು ಜಗತ್ತಿನಾದ್ಯಂತ ಇದೇ ಮೊದಲ ಚಿಕಿತ್ಸೆ. ಬೇಗ ಸಿಕ್ಕವರು ಬಹುಪಾಲು ಗುಣ ಆಗ್ತಾರೆ, ಚೀಲವೂ ಬೇಕಾಗಲ್ಲ.

ಆದ್ರೆ ಗರ್ಭಕಂಠದ ಕ್ಯಾನ್ಸರ್‌ಗೆ ಆಗಲೇ ಕರೆಂಟ್ ಕೊಡಿಸಿಕೊಂಡವರ ಕಥೆ ಬೇರೆ. ಅವರ ಕಿಬ್ಬೊಟ್ಟೆ ಒಮ್ಮೆ ಪೂರ್ತಿ ಪ್ರಮಾಣದ ವಿಕಿರಣ ತಡೆದುಕೊಂಡಿದೆ. ಒಂದು ಜಾಗ ಜೀವಮಾನದಲ್ಲಿ ತಡೆಯೋ ವಿಕಿರಣಕ್ಕೆ ಮಿತಿ ಇದೆ. ಮತ್ತೆ ಅಲ್ಲೇ ಕೊಟ್ಟರೆ ಕರುಳು, ಮೂತ್ರಚೀಲ, ಚರ್ಮ ಹುಣ್ಣಾಗಿ ತೂತು ಬೀಳೋ ಅಪಾಯ. ಅದಕ್ಕೆ ಹಲವರಿಗೆ ಎರಡನೇ ಸಲ ಪೂರ್ತಿ ಕೊಡೋಕೆ ಆಗಲ್ಲ. ಆಗ ಉಳಿಯೋದು ಹಳೇ ದಾರಿ. ಕತ್ತರಿಸೋದು, ಹೊಟ್ಟೆಯ ಮೇಲೆ ಚೀಲ.

ಈಗ ಹೇಳಿ, ಗಡ್ಡೆ ಕಡಲೆಕಾಳಿನಷ್ಟು ಇರುವಾಗ ಸಿಗೋದು ಯಾರಿಗೆ ಎಲ್ಲರಿಗಿಂತ ಹೆಚ್ಚು ಮುಖ್ಯ? ಬೇರೆಯವರಿಗೆ ತಡ ಆದ್ರೂ ಒಂದು ದಾರಿ ಉಳಿದಿರುತ್ತೆ. ಇವರಿಗೆ ಆ ದಾರಿ ಮೊದಲೇ ಖರ್ಚಾಗಿಹೋಗಿದೆ. ಹಾಗಿದ್ದೂ ತಿಂಗಳುಗಟ್ಟಲೆ ಮೂಲವ್ಯಾಧಿ ಮುಲಾಮು ಹಚ್ಚಿಸ್ತಾ ಕೂರಿಸೋದು ಇವರನ್ನೇ.

ಇನ್ನೊಂದು ಬಲೆ ಇದೆ. ಕರೆಂಟ್ ಕೊಟ್ಟ ಮೇಲೆ ಕೆಲವರಿಗೆ ಕರುಳಿನ ಕೊನೆಯ ಭಾಗ ಸೂಕ್ಷ್ಮವಾಗಿ, ತಿಂಗಳುಗಳು ಅಥವಾ ವರ್ಷಗಳ ನಂತರವೂ ರಕ್ತ ಬರುತ್ತೆ. ಅದಕ್ಕೂ ಚಿಕಿತ್ಸೆ ಇದೆ, ಅದು ಕ್ಯಾನ್ಸರ್ ಅಲ್ಲ. ಆದ್ರೆ "ಕರೆಂಟ್ ಕೊಟ್ಟಿದ್ದಕ್ಕೆ ಹಂಗೆ ಬಿಡಮ್ಮ" ಅಂತ ನೋಡದೆ ಕಳಿಸೋದೂ ತಪ್ಪೇ. ಮೂಲವ್ಯಾಧಿ, ವಿಕಿರಣದ ಗಾಯ, ಹೊಸ ಗಡ್ಡೆ: ಮೂರರಲ್ಲಿ ಯಾವುದು ಅಂತ ಹೇಳೋಕೆ ಮೊದಲು ನೋಡಬೇಕು.

ಭಾಗ 7/10
ಕರೆಂಟ್ ಕೊಡೋ ತಾಲ್ಲೂಕು

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್. ಊರೂರಿಗೆ ಕರೆಂಟ್ ಕೊಡೋ ತಾಲ್ಲೂಕು. ಅದೇ ತಾಲ್ಲೂಕಿನ ಹೆಂಗಸು ಕ್ಯಾನ್ಸರ್‌ಗೆ "ಕರೆಂಟ್" ಕೊಡಿಸಿಕೊಳ್ಳಬೇಕಾದ್ರೆ ಬಸ್ ಹತ್ತಿ ಜಿಲ್ಲೆಯ ಇನ್ನೊಂದು ತುದಿಗೋ, ಬೆಂಗಳೂರಿಗೋ ಹೋಗಬೇಕು.

ಪಾವಗಡಕ್ಕೆ ಸುತ್ತ ಆಂಧ್ರದ ಗಡಿ. ಜಿಲ್ಲಾ ಕೇಂದ್ರ ತುಮಕೂರಿಗೇ ಸುಮಾರು 100 ಕಿಲೋಮೀಟರ್. ಅಲ್ಲಿಂದ ಮುಂದೆ ಬೆಂಗಳೂರು, ಬೆಂಗಳೂರಿನ ಆ ಕಡೆ ಹೊಸೂರು ರಸ್ತೆ, ಅಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ. ನಮ್ಮ ಕಡೆ ಬಡವರ ಬಾಯಲ್ಲಿ ಕ್ಯಾನ್ಸರ್ ಅಂದ್ರೆ ಕಿದ್ವಾಯಿ. ಮಧುಗಿರಿಯವರಿಗೆ, ಶಿರಾದವರಿಗೆ ದಾರಿ ಕೊಂಚ ಕಮ್ಮಿ, ಕೊರಟಗೆರೆಯವರಿಗೆ ಇನ್ನೂ ಕೊಂಚ ಕಮ್ಮಿ. ಆದ್ರೆ ದಿನ ಮಾತ್ರ ಎಲ್ಲರಿಗೂ ಪೂರ್ತಿ ಹೋಗುತ್ತೆ.

ಚಿಕಿತ್ಸೆ ನಡೆಯುವಾಗ ಹೋಗ್ತಾರೆ. ಆಮೇಲೆ ಮೊದಲ ವರ್ಷದ ಫಾಲೋಅಪ್‌ಗೂ ಹೋಗ್ತಾರೆ. ಆಮೇಲೆ? ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ನಿಜ. ಕಡ್ಲೆಕಾಯಿ ಕೀಳೋ ಕಾಲದಲ್ಲಿ ಕಳೆದ ಕೂಲಿಗೆ ಯಾವ ಯೋಜನೆ? ಜೊತೆಗೆ ಬರೋ ಮಗನ ಕೂಲಿಗೆ? "ಈಗ ಚೆನ್ನಾಗಿದ್ದೀನಲ್ಲ" ಅಂತ ಫೈಲು ಬೀರುವಿನ ಮೇಲೆ ಸೇರುತ್ತೆ.

ಅಪಾಯ ಉಳಿಯೋದು ಹತ್ತಿಪ್ಪತ್ತು ವರ್ಷ. ಫೈಲು ತೆರೆದಿರೋದು ಎರಡೋ ಮೂರೋ ವರ್ಷ. ಈ ಮಧ್ಯದ ಖಾಲಿ ಜಾಗದಲ್ಲಿ ರಕ್ತ ಕಂಡ ದಿನ ಅವಳಿಗೆ ಹತ್ತಿರ ಇರೋದು ಯಾರು? ಮೆಡಿಕಲ್ ಸ್ಟೋರು, ಊರಿನ ಇಂಜೆಕ್ಷನ್ ಡಾಕ್ಟ್ರು, ಗೋಡೆ ಮೇಲಿನ ನಂಬರು.

ಸಿದ್ಧರಬೆಟ್ಟದ ಸೊಪ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಆಯುರ್ವೇದ ಓದಿ ಕ್ಷಾರಸೂತ್ರ ಕಟ್ಟೋ ವೈದ್ಯರ ಮೇಲೂ ಇಲ್ಲ. ಸರಿಯಾಗಿ ಕಲಿತವರು ಮೊದಲು ಪರೀಕ್ಷೆ ಮಾಡಿಯೇ ಮುಂದುವರಿಯೋದು. ನನ್ನ ಸಿಟ್ಟು ನೋಡದೆ ಔಷಧಿ ಕೊಡೋರ ಮೇಲೆ. ಅವರು ಎಂಬಿಬಿಎಸ್ ಓದಿರಲಿ, ಏನೂ ಓದದೇ ಇರಲಿ.

ಭಾಗ 8/10
"ಇದೆಲ್ಲ ನಮ್ಮೂರಿಗೆ ಆಗೋ ಮಾತಾ?"

ಈ ಪ್ರಶ್ನೆ ಬಂದೇ ಬರುತ್ತೆ. ನ್ಯಾಯವಾದ ಪ್ರಶ್ನೆಯೂ ಹೌದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಒಮ್ಮೆಯಾದ್ರೂ ಮಾಡಿಸಿಕೊಂಡವರು 100ಕ್ಕೆ 2 ಜನವೂ ಇಲ್ಲ. ಮುಂದಿನದ್ದೇ ನೋಡದ ದೇಶದಲ್ಲಿ ಹಿಂದಿನದ್ದು ನೋಡಿ ಅಂತೀರಲ್ಲ ಅಂತ ಕೇಳಬಹುದು.

ನನ್ನ ಉತ್ತರ ಹೀಗಿದೆ.

ಒಂದು. ಗರ್ಭಕಂಠದ ತಪಾಸಣೆಗೆ ಊರಿನ ಎಲ್ಲ ಹೆಂಗಸರನ್ನೂ ಕರೀಬೇಕು. ಇಲ್ಲಿ ಕರೀಬೇಕಾದವರು ಕೆಲವೇ ಜನ. ಅವರ ಹೆಸರು ಆಗಲೇ ಆಸ್ಪತ್ರೆಯ ಫೈಲಿನಲ್ಲಿದೆ. ಆಯುಷ್ಮಾನ್ ಕಾರ್ಡಿನ ಲೆಕ್ಕದಲ್ಲಿದೆ. ಹುಡುಕೋ ಕಷ್ಟವೇ ಇಲ್ಲ.

ಎರಡು. ಇದಕ್ಕೆ ಯಂತ್ರ ಬೇಡ. ಗುದದ ಕ್ಯಾನ್ಸರ್ ಬಗ್ಗೆಯೇ ಕೆಲಸ ಮಾಡೋ ಅಂತರರಾಷ್ಟ್ರೀಯ ತಜ್ಞರ ಸಂಘ 2024ರಲ್ಲಿ ಒಂದು ಮಾರ್ಗಸೂಚಿ ಕೊಟ್ಟಿತು. ಯೋನಿಯ ಹೊರಭಾಗದ ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತ ಕಂಡವರಿಗೆ ಒಂದು ವರ್ಷದೊಳಗೇ ತಪಾಸಣೆ ಶುರು ಮಾಡಿ ಅಂತ ಹೇಳಿತು. ಗರ್ಭಕಂಠ ಅಥವಾ ಯೋನಿಯಲ್ಲಿ ಆಗಿದ್ದವರಿಗೆ 45 ವರ್ಷ ಆದ್ಮೇಲೆ ಡಾಕ್ಟರೂ ರೋಗಿಯೂ ಕೂತು ಮಾತಾಡಿ ತೀರ್ಮಾನಿಸಿ ಅಂತ. ಭೂತಗನ್ನಡಿ ಹಾಕಿ ಒಳಗೆ ನೋಡೋ ದೊಡ್ಡ ಪರೀಕ್ಷೆ ಇಲ್ಲದ ಕಡೆ ಏನು ಮಾಡಬೇಕು? ಬೆರಳಿಂದ ಪರೀಕ್ಷೆ, ಲಕ್ಷಣ ಕೇಳೋದು. ಇದಕ್ಕೆ ಮಧುಗಿರಿ ಸಾಕು, ಹೋಬಳಿ ಆಸ್ಪತ್ರೆ ಸಾಕು.

ಮೂರು. ಮೊದಲೇ ಹಿಡಿದ್ರೆ ಪ್ರಯೋಜನ ಇದೆ ಅನ್ನೋದಕ್ಕೆ ಸಾಕ್ಷಿ ಇದೆ. ಅಮೆರಿಕದಲ್ಲಿ ಎಚ್‌ಐವಿ ಜೊತೆ ಬದುಕುವ, ಗುದದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡ 4,400ಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೀತು. ಆ ಬದಲಾವಣೆಗೆ ಮೊದಲೇ ಚಿಕಿತ್ಸೆ ಕೊಟ್ಟಾಗ ಕ್ಯಾನ್ಸರ್ 57 ಶೇಕಡಾ ಕಡಿಮೆಯಾಯ್ತು ಅಂತ 2022ರಲ್ಲಿ ಗೊತ್ತಾಯ್ತು. ಎಚ್‌ಐವಿ ಇರೋ ಹೆಂಗಸರಿಗೂ ಈ ಅಪಾಯ ಹೆಚ್ಚು. ಎಆರ್‌ಟಿ ಕೇಂದ್ರಕ್ಕೆ ಮಾತ್ರೆಗೆ ಹೋಗೋ ಅಕ್ಕಂದಿರೂ ಇದನ್ನ ಓದಲಿ.

ನಮ್ಮೂರಿಗೆ ಆಗದ ಮಾತು ಅಂತ ಯಾವುದನ್ನೆಲ್ಲ ಹೇಳಿ ಬಿಟ್ಟೆವೋ ಅವೆಲ್ಲ ನಮ್ಮೂರಿನ ಹೆಂಗಸರ ಮೇಲೇ ಬಂದು ಬಿದ್ದಿವೆ.

ಭಾಗ 9/10
ಯಾರು ಏನು ಮಾಡಬೇಕು

ಕ್ಯಾನ್ಸರ್ ಆಸ್ಪತ್ರೆಗಳು: ಡಿಸ್ಚಾರ್ಜ್ ಚೀಟೀಲಿ ಕನ್ನಡದಲ್ಲಿ ಒಂದು ಸಾಲು ಬರೀರಿ. "ಮಲದ್ವಾರದಲ್ಲಿ ರಕ್ತ, ನೋವು, ಗಂಟು ಕಂಡರೆ ಮೂಲವ್ಯಾಧಿ ಎಂದು ತಿಳಿಯದೆ ತಕ್ಷಣ ಪರೀಕ್ಷೆ ಮಾಡಿಸಿ." ಇಷ್ಟು ಸಾಕು. ಈ ಚೀಟಿ ಹಿಡಿದು ಅವಳು ಯಾವ ತಾಲ್ಲೂಕು ಆಸ್ಪತ್ರೆಗೆ ಹೋದ್ರೂ ಬಾಯಿ ಬಿಡದೆಯೇ ವಿಷಯ ಹೇಳಬಹುದು.

ತಾಲ್ಲೂಕು ಆಸ್ಪತ್ರೆಯ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳು: ಬೆರಳಿನ ಪರೀಕ್ಷೆ ನೀವು ಎಂಬಿಬಿಎಸ್‌ನಲ್ಲೇ ಕಲಿತದ್ದು. ರಕ್ತ ಅಂತ ಬಂದ ಪ್ರತಿ ಹೆಂಗಸಿಗೂ ಎರಡು ಪ್ರಶ್ನೆ ಕೇಳಿ. ಹಿಂದೆ ಗರ್ಭಕೋಶದ ಕ್ಯಾನ್ಸರ್ ಏನಾದ್ರೂ ಆಗಿತ್ತಾ? ಕರೆಂಟ್ ಕೊಟ್ಟಿದ್ರಾ? ಹೌದು ಅಂದ್ರೆ ಗ್ಲೌಸ್ ಹಾಕಿ, ಜೆಲ್ಲಿ ಹಚ್ಚಿ, ಮೆಲ್ಲಗೆ ನೋಡಿ. ಪರದೆ ಎಳೀರಿ. ನರ್ಸಮ್ಮನನ್ನ ಪಕ್ಕದಲ್ಲಿ ನಿಲ್ಲಿಸಿ. ಗಟ್ಟಿ ಸಿಕ್ಕರೆ, ವಾಸಿಯಾಗದ ಹುಣ್ಣು ಕಂಡರೆ ಚೂರು ತೆಗೆದು ಪರೀಕ್ಷೆ ಮಾಡಿಸೋ ಕಡೆ ಕಳಿಸಿ.

ಆಶಾ ಅಕ್ಕಂದಿರು, ಗೃಹ ಆರೋಗ್ಯಕ್ಕೆ ಮನೆಮನೆಗೆ ಬರೋರು: 30 ದಾಟಿದವರ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠ ಎಲ್ಲ ಕೇಳ್ತೀರಿ. ಆ ಪಟ್ಟಿಗೆ ಇನ್ನೊಂದು ಪ್ರಶ್ನೆ ಸೇರಿಸಿ. ಹಳೇ ಕ್ಯಾನ್ಸರ್ ಇದ್ದವರಿಗೆ "ಸಂಡಾಸಿಗೆ ಹೋದಾಗ ರಕ್ತ ಬರುತ್ತಾ ಅಮ್ಮ?" ಅಂತ. ಹೆಂಗಸು ಹೆಂಗಸಿಗೆ ಹೇಳಿಕೊಳ್ತಾಳೆ.

ತಾಲ್ಲೂಕು ಆರೋಗ್ಯಾಧಿಕಾರಿಗಳು: ಖಾಸಗಿ ಕ್ಲಿನಿಕ್ ಯಾವುದೇ ಇರಲಿ, 2007ರ ಕೆಪಿಎಂಇ ಕಾಯ್ದೆ ಪ್ರಕಾರ ನೋಂದಣಿ ಆಗಿರಲೇಬೇಕು. ಗೋಡೆ ಮೇಲಿನ ನಂಬರುಗಳಿಗೆ ಒಮ್ಮೆ ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿ ನೋಡಿ. ಎಷ್ಟು ಜನ ಹೇಳ್ತಾರೆ ಅಂತ ಊರಿಗೂ ತಿಳಿಸಿ.

ಗಂಡಂದಿರು, ಗಂಡುಮಕ್ಕಳು: ಡಾಕ್ಟರ ರೂಮಿಂದ ಎದ್ದು ಆಚೆ ಹೋಗಿ, ಅವಳಿಗೆ ಅದು ಬೇಕಾಗಿದ್ರೆ. ಆದ್ರೆ ಆಸ್ಪತ್ರೆಯಿಂದ ಆಚೆ ಹೋಗಬೇಡಿ. ಮೆಡಿಕಲ್ ಸ್ಟೋರಿಗೆ ನೀವು ಹೋಗಿ ತರೋ ಮುಲಾಮು ಅವಳ ಒಂದೊಂದು ತಿಂಗಳನ್ನ ತಿನ್ನುತ್ತೆ.

ಭಾಗ 10/10
ಈಗ ನಿಮ್ಮ ಹತ್ರ

ಅಕ್ಕ, ಅಮ್ಮ, ನೀವು ಆ ಕಾಯಿಲೆ ಗೆದ್ದವರಾಗಿದ್ರೆ ಇದು ನಿಮಗೆ.

ಮೊದಲು ಬೀರುವಿನ ಮೇಲಿನ ಫೈಲು ಇಳಿಸಿ. ಗರ್ಭಕೋಶ ಯಾಕೆ ತೆಗೆದ್ರು ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, "ಗಡ್ಡೆ ಇತ್ತಂತೆ" ಅಂತಾರೆ. ಬಯಾಪ್ಸಿ ರಿಪೋರ್ಟ್ ಹುಡುಕಿ, ಓದು ಬಲ್ಲ ಮಕ್ಕಳ ಕೈಲಿ ಓದಿಸಿ, ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ.

ಗಮನಿಸಬೇಕಾದ್ದು: ಮಲದ ಜೊತೆ ಅಥವಾ ಒರೆಸಿದಾಗ ರಕ್ತ. ಹೋಗದ ತುರಿಕೆ, ನೋವು. ಅಲ್ಲಿ ಗಂಟು ಅಥವಾ ವಾಸಿಯಾಗದ ಹುಣ್ಣು. ಕೀವು, ಲೋಳೆ. ಹೋಗಿ ಬಂದ ಮೇಲೂ ಪೂರ್ತಿ ಆಗಿಲ್ಲ ಅನ್ನೋ ಭಾವ. ಮಲ ಸಣ್ಣಗೆ ಬರೋದು. ತೊಡೆಸಂದಿಯಲ್ಲಿ ಗಂಟು. ಕೆಲವರಿಗೆ ಯಾವ ಲಕ್ಷಣವೂ ಇರಲ್ಲ. ಅದಕ್ಕೇ ಫಾಲೋಅಪ್‌ಗೆ ಹೋದಾಗ ಕೇಳಿ ಅಂತಿರೋದು. ಬೀಡಿ ಸಿಗರೇಟು ಸೇದುವ ಅಭ್ಯಾಸ ಇದ್ರೆ ಬಿಡಿ, ಅದೂ ಈ ಅಪಾಯ ಹೆಚ್ಚಿಸುತ್ತೆ.

ಡಾಕ್ಟರ ಮುಂದೆ ಏನು ಹೇಳಬೇಕು ಅಂತ ತೋಚದಿದ್ರೆ ಈ ಮಾತು ಹಾಗೇ ಹೇಳಿ, ಇಲ್ಲಾಂದ್ರೆ ಚೀಟೀಲಿ ಬರೆದು ಕೊಡಿ:

"ನನಗೆ ಮುಂಚೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು. ಕರೆಂಟ್ ಕೊಟ್ಟಿದ್ದಾರೆ. ಈಗ ಮಲದ್ವಾರದಲ್ಲಿ ರಕ್ತ ಬರ್ತಿದೆ. ದಯವಿಟ್ಟು ಬೆರಳು ಹಾಕಿ ಪರೀಕ್ಷೆ ಮಾಡಿ. ನರ್ಸಮ್ಮ ಜೊತೆಗಿರಲಿ."

ಪರೀಕ್ಷೆ ಮಾಡದೆ ಮುಲಾಮು ಬರೆದ್ರೆ ಇನ್ನೊಮ್ಮೆ ಹೇಳಿ. ಆಗಲೂ ಮಾಡದಿದ್ರೆ ಬೇರೆ ಡಾಕ್ಟರ ಹತ್ರ ಹೋಗಿ. ಇದು ಜಗಳಗಂಟಿತನ ಅಲ್ಲ ಕಣಕ್ಕ, ನಿಮ್ಮ ಹಕ್ಕು.

ಮನೇಲಿ 9ರಿಂದ 14 ವರ್ಷದ ಹೆಣ್ಣುಮಗು ಇದ್ರೆ ಎಚ್‌ಪಿವಿ ಲಸಿಕೆ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. 2023ರಿಂದ ನಮ್ಮ ದೇಶದಲ್ಲೇ ತಯಾರಾಗೋ ಸರ್ವಾವ್ಯಾಕ್ ಕೂಡ ಇದೆ. 16ನೇ ನಂಬರಿನ ವೈರಸ್ಸನ್ನ ತಡೆಯೋ ಲಸಿಕೆ ಮುಂದಿನ ಬಾಗಿಲನ್ನೂ ದಿಡ್ಡಿ ಬಾಗಿಲನ್ನೂ ಒಟ್ಟಿಗೆ ಕಾಯುತ್ತೆ.

ಈ ಸರಣಿ ಯಾರಿಗೆ ತಲುಪಬೇಕೋ ಅವರ ಕೈಲಿ ಈ ಆ್ಯಪ್ ಇಲ್ಲ. ಲೈಕ್ ಒತ್ತಿ ಮುಂದೆ ಹೋಗೋದ್ರಿಂದ ಅವರಿಗೇನೂ ಆಗಲ್ಲ. ಇವತ್ತು ಸಂಜೆ ಮನೆಗೆ ಫೋನ್ ಮಾಡಿ, ನಾಚಿಕೆ ಪಕ್ಕಕ್ಕಿಟ್ಟು ಒಂದೇ ಒಂದು ಪ್ರಶ್ನೆ ಕೇಳಿ. "ಅಮ್ಮ, ರಕ್ತ ಏನಾದ್ರೂ ಬರುತ್ತಾ?"

ಹೌದು ಅಂದ್ರೆ, ಮುಲಾಮಿನ ಅಂಗಡಿ ದಾಟಿ ಆಸ್ಪತ್ರೆಗೆ ಕರ್ಕೊಂಡು ಹೋಗಿ.

#ಎಲ್ಲರಕ್ತವೂಮೂಲವ್ಯಾಧಿಅಲ್ಲ #ನೋಡಿಔಷಧಿಕೊಡಿ #ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ #ಹೆಣ್ಣುಮಕ್ಕಳಆರೋಗ್ಯ